ಟವೆಲಿನ ಕೆಳಗೆ ಟೀವಿ ಗೇಮು

ತಿಕೋಟಾ ಒಣದ್ರಾಕ್ಷಿ ಮಾರಾಟ ಸಂಘದ ವಿಜಾಪುರ ಕಚೇರಿಯಲ್ಲಿ, ೧೯೭೯ರಲ್ಲಿ, ಮನರಂಜನೆಗೆಂದು ಒಂದು ಕೋಣೆಯೂ ಕೋಣೆಯಲ್ಲಿ ಒಂದೇ ಮೇಜೂ ಇದ್ದವು. ಮೇಜಿನ ಮೇಲೆ ಕೇರಂ ಬೋರ್ಡಿತ್ತು. ಊಟದ ಬಿಡುವಿನಲ್ಲಿ ಟೈಪಿಸ್ಟ್ ಆಶಾಬಿ ಅದರಲ್ಲಿ ಅಧ್ಯಕ್ಷ ಅಮರಪ್ಪನವರನ್ನು ಸೋಲಿಸುತ್ತಿದ್ದಳು. ದಿನವಿಡೀ ದರಪಟ್ಟಿ ಬಡಿಯುವ ಆಕೆಗೆ ಇದೊಂದೇ ಖುಷಿ. ಇದು ಸಂಘದ ಪ್ರಗತಿಗೆ ಮಾರಕವೆಂದು ಅಧ್ಯಕ್ಷರಿಗೆ ಮನವರಿಕೆಯಾಯಿತು.

ಆದಕಾರಣ ಕೇರಂ ತೆಗೆದು ಆಧುನಿಕ ಆಟ ತರಬೇಕೆಂದು ಠರಾವಾಯಿತು. ನಿರ್ದೇಶಕ ಸೈಫುದ್ದೀನರ ಅಳಿಯ ಕುವೈತಿನಿಂದ ಟೀವಿ ಗೇಮಿನ ಡಬ್ಬಿ ಕಳಿಸಿದ. ಕಾರ್ಯದರ್ಶಿ ಅಂಬಾದಾಸರ ಭಾವ, ಹಡಗಿನ ಕೆಲಸದವನು, ಆಟವಾಡುವ ಕಂಪ್ಯೂಟರ್ ತಂದುಕೊಟ್ಟ. ಎರಡಕ್ಕೂ ಟೀವಿ ಬೇಕು. ಟೀವಿ ಕಚೇರಿಯಲ್ಲೂ ಇರಲಿಲ್ಲ, ಕಚೇರಿಯಿದ್ದ ಇಡೀ ಜೋರಾಪುರ ಪೇಟೆಯಲ್ಲೂ ಇರಲಿಲ್ಲ. ಸಭೆ ಇದನ್ನು ಸಣ್ಣ ತೊಡಕೆಂದು ಪರಿಗಣಿಸಿತು.

ಯಾವುದು ಮೇಲೆಂದು ತೀರ್ಮಾನಿಸಲು ಒಣದ್ರಾಕ್ಷಿಗೆ ದರ್ಜೆ ಕೊಡುವ ಸಂಘದ ನಿಯಮವೇ ಇತ್ತು: "ಯಾವುದೇ ಮಾಲನ್ನು, ಕಣ್ಣು ಮೋಸ ಹೋಗದಂತೆ ಟವೆಲ್ ಹೊದಿಸಿ, ಬೆರಳಿನಿಂದಲೇ ಪರೀಕ್ಷಿಸತಕ್ಕದ್ದು." ಅಮರಪ್ಪನವರು ಹೆಗಲ ಮೇಲಿನ ಟವೆಲ್ ಹೊದಿಸಿ ಕಂಪ್ಯೂಟರಿನ ಗುಂಡಿಗಳ ಮೇಲೆ ಕೈಯಾಡಿಸಿದರು.

"ಕಾಳು ಭಾಳ ಅದಾವ್ರಿ. ಎಲ್ಲಾ ಒಂದ ಸೈಜು."

ಅಂಬಾದಾಸರ ಮುಖ ಅರಳಿತು. ಅಷ್ಟರಲ್ಲಿ ಅಧ್ಯಕ್ಷರ ಬೆರಳು ಕೆಳಗಿನ ಸಾಲಿನ ಉದ್ದನೆಯ ಗುಂಡಿಯ ಮೇಲೆ ನಿಂತಿತು.

"ಅಂಬಾದಾಸ್ರ, ಇದೇನ್ರಿ ಉದ್ದಕ? ತೊಟ್ಟು ಬಿಡಿಸೇ ಇಲ್ಲಲ್ಲ!"

ತೊಟ್ಟು ಉಳಿದ ಮಾಲು ಎರಡನೇ ದರ್ಜೆ. ಕಂಪ್ಯೂಟರನ್ನು ತೊಟ್ಟು ಬಿಡಿಸಿ ತರಲು ಹಿಂದಕ್ಕೆ ಕಳಿಸಲಾಯಿತು. ಟೀವಿ ಗೇಮಿನಲ್ಲಿ ತಿರುಗಿಸುವ ಗುಂಡಿ ಎರಡೇ, ಅಂದರೆ ಎರಡೇ ಕಾಳು, ಆದರೆ ದುಂಡಗೆ, ದಪ್ಪಗೆ. ಅದು ಒಂದನೇ ದರ್ಜೆ ಪಡೆಯಿತು.

ಕೇರಂ ಬೋರ್ಡು ಗೋದಾಮು ಸೇರಿತು. ಆಶಾಬಿ ಊಟದ ಬಿಡುವಿನಲ್ಲೂ ದರಪಟ್ಟಿ ಬಡಿಯತೊಡಗಿದಳು, ಪಾಪ. ಅಧ್ಯಕ್ಷರು ಮಾತ್ರ ದಿನಾ ಗೇಮಿಗೆ ಟವೆಲ್ ಹೊದಿಸಿ, ಗುಂಡಿ ತಿರುಗಿಸಿ, ತಾವೇ ಗೆದ್ದುದಾಗಿ ಪ್ರಕಟಿಸುತ್ತಿದ್ದರು.

"ಯಾರ ಗೆದ್ರು ಅಂತ ಹ್ಯಾಂಗ ಗೊತ್ತಾತ್ರಿ?" ಆಶಾಬಿ ಕೇಳಿದಳು.

"ಬೆರಳಿಗೆ ತಿಳೀತದವಾ. ಟೀವಿ ಬರೂತನಾ ಹಿಂಗ."

ಮರುದಿನ ಸಭೆ ಕೂತಾಗ ಆಕೆ ಗೋದಾಮಿನಿಂದ ಬೋರ್ಡು ಹೊತ್ತು ತಂದು ಗೇಮಿನ ಪಕ್ಕದಲ್ಲಿಟ್ಟಳು. "ಟೀವಿ ತಂದೇನ್ರಿ," ಎಂದಳು.

"ಇದು ಕೇರಂ ಅಲ್ಲೇನವಾ?"

"ಕಣ್ಣ ನಂಬಬ್ಯಾಡ್ರಿ. ಟವೆಲ್ ಹಾಕಿ ನೋಡ್ರಿ."

ನಿಯಮ ನಿಯಮವೇ. ಅಮರಪ್ಪನವರು ಕೈಯಾಡಿಸಿದರು. ಮಾಲು ಚೌಕವಾಗಿತ್ತು, ನುಣುಪಾಗಿತ್ತು, ಸುತ್ತ ಕಟ್ಟಿಗೆಯ ಅಂಚಿತ್ತು. ಟೀವಿ ಮುಟ್ಟಿ ಬಲ್ಲವರು ಸಭೆಯಲ್ಲಿ ಯಾರೂ ಇರಲಿಲ್ಲ.

"ತೊಟ್ಟು ಒಂದೂ ಇಲ್ಲ," ಎಂದರು ಅಧ್ಯಕ್ಷರು. ಟೀವಿ ಸರ್ವಾನುಮತದಿಂದ ಅಂಗೀಕಾರವಾಯಿತು.

ಗೇಮಿನ ವಾಯರನ್ನು ಬೋರ್ಡಿನ ಮೂಲೆಯ ತೂತಿಗೆ ಇಳಿಬಿಡಲಾಯಿತು. ಅಂದಿನಿಂದ ಊಟದ ಬಿಡುವಿನಲ್ಲಿ ಅಧ್ಯಕ್ಷರು ಗುಂಡಿ ತಿರುಗಿಸುತ್ತಾರೆ, ಆಶಾಬಿ ಸ್ಟ್ರೈಕರ್ ಹೊಡೆಯುತ್ತಾಳೆ, ಅಧ್ಯಕ್ಷರು ಸೋಲುತ್ತಾರೆ. ಮೊದಲಿನಷ್ಟು ಬೇಸರ ಅವರಿಗಿಲ್ಲ.

"ಕೇರಂದಾಗ ಸೋತಿದ್ರ ಮರ್ಯಾದಿ ಹೋಗತಿತ್ತು," ಅನ್ನುತ್ತಾರೆ. "ಇದು ಫಾರಿನ್ ಆಟ, ಕಲೀಲಾಕ ಹೊತ್ತು ಬೇಕು. ಚಿತ್ರ ಮಾತ್ರ ಭಾಳ ಸ್ವಚ್ಛ ಬರ್ತದ ನೋಡ್ರಿ."