ಹದಿಮೂರು ಹಲ್ಲಿನ ಪ್ಲಗ್ಗು

ಕ್ಯಾರವಾನಿನ ಪ್ಲಗ್ಗಿಗೆ ಹದಿಮೂರು ಹಲ್ಲು, ಕಾರಿನ ಸಾಕೆಟ್ಟಿಗೆ ಏಳೇ ತೂತು. ಡಿಸೆಂಬರ್ ಹದಿನೈದರ ಬೆಳಗ್ಗೆ ಏಳೂವರೆಗೆ ಭೂಗೋಳದ ಮೇಷ್ಟ್ರು ಫ್ಲಿಪ್ಪಿ ತನ್ನ ದೊಡ್ಡ ಕಾರಿನ ಹಿಂದೆ ಕುಕ್ಕರಗಾಲಲ್ಲಿ ಕೂತು ಮೂರು ಸಲ ಎಣಿಸಿದ. ಮೂರು ಸಲವೂ ಅದೇ ಲೆಕ್ಕ ಬಂತು.

"ಸ್ವಲ್ಪ ಒತ್ತಿ ನೋಡು," ಎಂದಳು ಹೆಂಡತಿ ಮಾರ್ಲೀಸ.

"ಒತ್ತಿದ್ರೆ ಹೋಗೋಕೆ ಇದೇನು ನಿನ್ನ ಸೂಟ್‌ಕೇಸಾ?"

ಹಳೆಯ ಕ್ಯಾರವಾನ್ ಸೋರುತ್ತಿತ್ತೆಂದು ಹೋದ ವಾರವಷ್ಟೇ ಕಾರಿನ ಹಿಂದೆ ಎಳೆದೊಯ್ಯುವ ಈ ಗಾಲಿಮನೆಯನ್ನು ಕೊಂಡಿದ್ದರು. ಇದರಲ್ಲಿ ಫ್ರಿಜ್ಜಿತ್ತು. ದಾರಿಯುದ್ದಕ್ಕೂ ಅದಕ್ಕೆ ಕಾರಿನಿಂದಲೇ ಕರೆಂಟು ಹೋಗಬೇಕು. ಅದಕ್ಕೇ ಅಷ್ಟೊಂದು ಹಲ್ಲು. ಫ್ರಿಜ್ಜಿನೊಳಗೆ ಆಗಲೇ ಒಂಬತ್ತು ಕಿಲೋ ಕುರಿಮಾಂಸವೂ ಎರಡು ಮಾರು ಸಾಸೇಜೂ ಕ್ರಿಸ್‌ಮಸ್ಸಿಗೆ ಕಾದು ಮಲಗಿದ್ದವು.

ಮಾಂಸಕ್ಕಿಂತ ದೊಡ್ಡ ಚಿಂತೆ ಜಾಗದ್ದು. ಸಮುದ್ರದಂಡೆಯ ಕ್ಯಾಂಪಿನಲ್ಲಿ ನಲವತ್ತೊಂದನೇ ನಂಬರಿನ ಜಾಗ ಮಾರ್ಲೀಸಳಿಗೆ ಅಜ್ಜನ ಕಾಲದಿಂದ ಬಂದದ್ದು. ದೊಡ್ಡ ಮರದ ನೆರಳು, ಕಣ್ಣೆದುರಿಗೆ ಅಲೆ, ಪಾಯಿಖಾನೆ ದೂರ. ನಿಯಮ ಒಂದೇ: ಪ್ರತಿ ವರ್ಷ ಡಿಸೆಂಬರ್ ಹದಿನೈದರ ಸಂಜೆ ನಾಲ್ಕರೊಳಗೆ ಗಾಡಿ ತಂದು ನಿಲ್ಲಿಸಬೇಕು. ಒಂದು ನಿಮಿಷ ತಡವಾದರೂ ಅದು ಕಾಯುವ ಪಟ್ಟಿಯ ಮೊದಲನೆಯವರ ಪಾಲು, ಶಾಶ್ವತವಾಗಿ. ಅವರೂರು ಔಡ್ಸ್‌ಹೂರ್ನಿನ ಅರ್ಧಕ್ಕರ್ಧ ಜನ ಆ ಪಟ್ಟಿಯಲ್ಲಿದ್ದರು.

"ನಮ್ಮಪ್ಪ ಆ ಮರದ ಕೆಳಗೇ ಕಣ್ಮುಚ್ಚಿದ್ದು. ಆ ಜಾಗ ಹೋದ್ರೆ ನೀನೂ ಅಪ್ಪನ ಹಿಂದೇನೇ ಹೋಗು," ಎಂದಳು ಮಾರ್ಲೀಸ.

ಊರಿನ ಎಲೆಕ್ಟ್ರಿಷಿಯನ್ ಡಿಸೆಂಬರಿನ ಬೇಸಿಗೆ ರಜೆಗೆಂದು ಆಗಲೇ ಕದ ಮುಚ್ಚಿ ಹೋಗಿದ್ದ. ಫ್ಲಿಪ್ಪಿ ಬಿಡಿಭಾಗದ ಅಂಗಡಿಗೆ ಓಡಿ ಹದಿಮೂರು ತೂತಿನ ಹೊಸ ಸಾಕೆಟ್ಟು, ಒಂದು ಸುರುಳಿ ವೈರು, ಬಣ್ಣ ತಿಳಿಸುವ ಒಂದು ಚೀಟಿ ತಂದ. ಚೀಟಿಯಲ್ಲಿ ಹಳದಿ ಅಂದರೆ ಎಡ ಇಂಡಿಕೇಟರು, ಹಸಿರು ಅಂದರೆ ಬಲ ಎಂದು ಬರೆದಿತ್ತು. ಉಳಿದ ಹನ್ನೊಂದು ಬಣ್ಣಗಳ ವಿವರ ಓದುವಷ್ಟರಲ್ಲಿ ಅವನ ಕಣ್ಣು ಕತ್ತಲಿಟ್ಟಿತು.

ಹತ್ತು ಗಂಟೆಗೆ ಮೊದಲ ಪರೀಕ್ಷೆ. ಬ್ರೇಕ್ ತುಳಿದರೆ ಫ್ರಿಜ್ಜಿನ ದೀಪ ಹತ್ತಿತು. ಇಂಡಿಕೇಟರ್ ಹಾಕಿದರೆ ಫ್ರಿಜ್ಜೇ ಟಕಟಕ ಎಂದಿತು.

"ಗಣೇಶನ್ನ ಮಾಡೋಕೆ ಹೋಗಿ ಅವರಪ್ಪನ್ನ ಮಾಡಿದ್ಯಲ್ಲೋ ಮೇಷ್ಟ್ರೇ!" ಎಂಬ ಅರ್ಥದ ನಗೆಯೊಂದು ಬೇಲಿಯಾಚೆಯಿಂದ ಬಂತು. ಅದು ಸಾರೆಲ್ ಮಾವನದು. ರೈಲ್ವೆಯಲ್ಲಿ ಗಾರ್ಡಾಗಿದ್ದು ನಿವೃತ್ತರಾದ ಮೇಲೆ ಊರಿಗೆಲ್ಲ ಮಾವನಾದವರು. ಕೆಲಸವಿಲ್ಲದ ಬಡಗಿ ಮಗನ ಕುಂಡೆ ಕೆತ್ತಿದನಂತೆ. ಮಾವನಿಗೆ ಮಕ್ಕಳಿರಲಿಲ್ಲ, ಪಕ್ಕದಲ್ಲಿ ಫ್ಲಿಪ್ಪಿಯಿದ್ದ. ಅವರ ಅಂಗಳದಲ್ಲೂ ಹಳೆಯ ಕಾರಿನ ಪಕ್ಕ ಒಂದು ಹಳೆಯ ಕ್ಯಾರವಾನಿತ್ತು. ಅದರೊಳಗೆ ಅವರ ಕೋಳಿಗಳು ಮೊಟ್ಟೆಯಿಡುತ್ತಿದ್ದವು.

"ನಿನಗೆ ಹಿಂದೆ ನಿಂತು ನೋಡೋರು ಬೇಕು ಕಣೋ. ಮೂವತ್ತೆಂಟು ವರ್ಷ ರೈಲಿನ ಬಾಲದಲ್ಲಿ ಕೂತು ದೀಪ ನೋಡಿದವನು ನಾನು."

ಮಾವ ಮಡಚುವ ಕುರ್ಚಿಯನ್ನೂ ಒಂದು ಲೋಟ ಬ್ರಾಂದಿಯನ್ನೂ ತಂದು, ಕ್ಯಾರವಾನಿನ ಹಿಂದೆ, ತಮ್ಮ ಮನೆಯ ದೊಡ್ಡ ಗಾಜಿನ ಕಿಟಕಿಯ ಮುಂದೆ ಸ್ಥಾಪನೆಯಾದರು. ಡ್ರೈವರ್ ಸೀಟಿನಲ್ಲಿದ್ದ ಫ್ಲಿಪ್ಪಿಗೆ ಕ್ಯಾರವಾನ್ ಅಡ್ಡವಾಗಿ ಅವರ ದನಿ ಮಾತ್ರ ಕೇಳುತ್ತಿತ್ತು.

ಹನ್ನೊಂದೂವರೆಗೆ ಫ್ರಿಜ್ಜು ಸರಿಯಾಯಿತು, ಬ್ರೇಕ್ ದೀಪವೂ ಸರಿಯಾಯಿತು. ಉಳಿದದ್ದು ಇಂಡಿಕೇಟರು.

"ಎಡ ಹಾಕಿದೀನಿ ಮಾವ!"

"ಬಲ ಉರೀತಿದೆ!"

"ಈಗ ಬಲ!"

"ಎಡ!"

ಫ್ಲಿಪ್ಪಿ ಇಳಿದು ಬಂದು ಹಳದಿಯನ್ನೂ ಹಸಿರನ್ನೂ ಬಿಚ್ಚತೊಡಗಿದ. ಮಾರ್ಲೀಸ ಚೀಟಿ ಹಿಡಿದು, "ಇದರಲ್ಲಿ ನೀನು ಹಾಕಿದ್ದೇ ಸರಿ ಅಂತಿದೆ," ಎಂದಳು.

"ಚೀಟಿ ಬರೆದವನು ಎಲ್ಲೋ ಫ್ಯಾಕ್ಟರಿಯಲ್ಲಿ ಕೂತಿದ್ದ. ಮಾವ ಕಣ್ಣಾರೆ ನೋಡ್ತಿದಾರೆ!"

ಅವೆರಡು ವೈರುಗಳನ್ನು ಅದಲುಬದಲು ಮಾಡಿದ ಮೇಲೆ ಮಾವ, "ಎಡಕ್ಕೆ ಎಡ, ಬಲಕ್ಕೆ ಬಲ! ಹೊರಡು ಕಣೋ!" ಎಂದು ಕೂಗಿದರು. ಆಗ ಗಂಟೆ ಒಂದು. ಘಾಟಿ ಇಳಿದು ಹೋಗಲು ಎರಡು ಗಂಟೆ ಸಾಕಿತ್ತು. ಮಾರ್ಲೀಸ ಮಾವನಿಗೆ ಮೂರು ಸಾಸೇಜು ಕೊಟ್ಟಳು, ಕೈಮುಗಿಯುವುದೊಂದು ಬಾಕಿ.

"ನೀವೂ ಎಲ್ಲಾದರೂ ಹೋಗಿ ಬನ್ನಿ ಮಾವ, ಹಬ್ಬದ ದಿನ ಒಬ್ಬರೇ ಇರಬೇಡಿ."

"ನೋಡೋಣ ಮಗಳೇ, ದೇವರಿಟ್ಟ ಹಾಗೆ."

ಘಾಟಿಯಲ್ಲಿ ಕ್ಯಾರವಾನ್ ಎಳೆಯುವ ಕಾರು ತುಂಬು ಗರ್ಭಿಣಿಯಂತೆ ನಡೆಯುತ್ತದೆ. ಹಿಂದೆ ವಾಹನಗಳ ಸಾಲು ಬೆಳೆಯಿತು. ಆ ಸೀಮೆಯಲ್ಲಿ ಒಂದು ಮರ್ಯಾದೆಯಿದೆ: ನಿಧಾನದವನು ಎಡಕ್ಕೆ ಸರಿದು ದಾರಿ ಬಿಡಬೇಕು, ದಾಟಿಹೋದವನು ದೀಪ ಮಿಣುಕಿಸಿ ಉಪಕಾರ ಸ್ಮರಿಸಬೇಕು. ಫ್ಲಿಪ್ಪಿ ಮರ್ಯಾದಸ್ಥ. ಎಡ ಇಂಡಿಕೇಟರ್ ಹಾಕಿ ಎಡಕ್ಕೆ ಸರಿದ. ಹಿಂದಿನವರಿಗೆ ಕಂಡದ್ದು ಬಲದ ದೀಪ. ಇವನು ಬಲಕ್ಕೆ ತಿರುಗುತ್ತಾನೆಂದು ಎಡದಿಂದ ನುಗ್ಗಿದ ಹಾಲಿನ ಲಾರಿಯೊಂದು ಬೆಟ್ಟಕ್ಕೆ ಮುತ್ತಿಡುವಷ್ಟರಲ್ಲಿ ತಪ್ಪಿಸಿಕೊಂಡಿತು. ಹಾರ್ನುಗಳು ಒಟ್ಟಿಗೆ ಹೊಡೆದುಕೊಂಡವು.

"ಎಷ್ಟು ಥ್ಯಾಂಕ್ಸ್ ಹೇಳ್ತಿದಾರೆ ನೋಡು," ಎಂದು ಫ್ಲಿಪ್ಪಿ ಕೈಬೀಸಿದ.

"ಅವರೂ ಕೈ ತೋರಿಸ್ತಿದಾರೆ," ಎಂದಳು ಮಾರ್ಲೀಸ. "ಆದರೆ ಒಂದೇ ಬೆರಳು."

ಘಾಟಿಯ ಬುಡದಲ್ಲಿ ಪೊಲೀಸರು ರಸ್ತೆಯನ್ನು ಅಡ್ಡಗಟ್ಟಿದ್ದರು. ಲಾರಿಯವನು ಆಗಲೇ ದೂರು ಕೊಟ್ಟಾಗಿತ್ತು. ಕಪ್ಪು ಕನ್ನಡಕದ ಅಧಿಕಾರಿಣಿ ಕ್ಯಾರವಾನಿನ ಹಿಂದೆ ನಿಂತು, "ಎಡ ಹಾಕಿ," ಎಂದಳು. ಹಾಕಿದ. ಅವಳು ಕಿಟಕಿಯ ಬಳಿ ಬಂದು ಕನ್ನಡಕ ತೆಗೆದಳು.

"ನಮಸ್ಕಾರ ಸಾರ್. ಅಬಿಗೇಲ್, ಎಂಟನೇ ಕ್ಲಾಸು. ಪೂರ್ವ ಪಶ್ಚಿಮ ಗೊತ್ತಿಲ್ಲ ಅಂತ ನನ್ನ ಫೇಲ್ ಮಾಡಿದ್ರಿ."

"ಅಬಿಗೇಲ್, ತಾಯಿ, ನಾಲ್ಕರೊಳಗೆ—"

"ಎಡ ಬಲ ಸರಿಮಾಡಿ, ಆಮೇಲೆ ಹೊರಡಿ ಸಾರ್. ಮರುಪರೀಕ್ಷೆ ನಾನೇ ಮಾಡ್ತೀನಿ."

ಫ್ಲಿಪ್ಪಿ ಸುಡುವ ಟಾರಿನ ಮೇಲೆ ಅಂಗಾತ ಮಲಗಿದ. ಹಳದಿಯನ್ನೂ ಹಸಿರನ್ನೂ ಮತ್ತೆ ಬಿಚ್ಚುತ್ತಿದ್ದಾಗ ಗಡಗಡ ಎನ್ನುವ ಕ್ಯಾರವಾನೊಂದನ್ನು ಎಳೆದುಕೊಂಡು ಯಾವುದೋ ಕಾರು ಪಕ್ಕದಲ್ಲಿ ಹಾದುಹೋಯಿತು. ಎರಡು ಸಲ ಪೀಂ ಪೀಂ ಎಂದಿತು. ಅವನಿಗೆ ಚಕ್ರಗಳಷ್ಟೇ ಕಂಡವು, ಮಾರ್ಲೀಸ ಚೀಟಿಯಲ್ಲಿ ಮುಳುಗಿದ್ದಳು. ಎಲ್ಲಿಂದಲೋ ಕೋಳಿಪುಕ್ಕವೊಂದು ತೇಲಿ ಬಂದು ಮೂಗಿನ ಮೇಲೆ ಕೂತಿತು. ಸೀನಿದ ರಭಸಕ್ಕೆ ಸ್ಕ್ರೂ ಹಾರಿ ಹುಲ್ಲಿನಲ್ಲಿ ಬಿತ್ತು. ಅದನ್ನು ಹುಡುಕಲು ಅರ್ಧ ಗಂಟೆ ಹೋಯಿತು.

ಕ್ಯಾಂಪಿನ ಗೇಟಿಗೆ ಬಂದಾಗ ನಾಲ್ಕು ಗಂಟೆ ಹನ್ನೆರಡು ನಿಮಿಷ.

ನಲವತ್ತೊಂದನೇ ಜಾಗದಲ್ಲಿ, ಮರದ ನೆರಳಿನಲ್ಲಿ, ಕೋಳಿಹಿಕ್ಕೆಯ ಹಳೆಯ ಕ್ಯಾರವಾನ್ ನಿಂತಿತ್ತು. ಮುಂದೆ ಮಡಚುವ ಕುರ್ಚಿ. ಕುರ್ಚಿಯಲ್ಲಿ ಸಾರೆಲ್ ಮಾವ. ಕೆಂಡದ ಮೇಲೆ ಮೂರು ಸಾಸೇಜು.

"ಒಂಬತ್ತು ವರ್ಷದಿಂದ ಪಟ್ಟಿಯಲ್ಲಿದ್ದೆ ಕಣೋ," ಎಂದರು ಮಾವ. "ಹೋದ ವರ್ಷ ಮೊದಲನೇ ನಂಬರು ಬಂತು. ಆಗಲೂ ಇದೇ ದಿನ ಬಂದು ಗೇಟಿನ ಹೊರಗೆ ಕಾದು ವಾಪಸ್ ಹೋದೆ. ಇವತ್ತು ಬಾಗಿಲು ತೆಗೀತು. ದಾರೀಲಿ ಮಲಗಿದ್ಯಲ್ಲ, ಹಾರ್ನ್ ಹೊಡೆದೆ, ಕೇಳಿಸ್ಲಿಲ್ವಾ?"

ಮಾರ್ಲೀಸ ಕಾರಿನಿಂದ ಇಳಿಯಲೇ ಇಲ್ಲ. ಮರವನ್ನೇ ನೋಡುತ್ತ ಅಳುತ್ತಿದ್ದಳು. ಫ್ಲಿಪ್ಪಿಯ ಪಿತ್ತ ನೆತ್ತಿಗೇರಿತು.

"ಮಾವ, ನಿಜ ಹೇಳಿ. ಬೆಳಗ್ಗೆ ಯಾವ ಕಡೆ ಮುಖ ಮಾಡಿ ಕೂತಿದ್ರಿ?"

"ಕಿಟಕಿ ಕಡೆ. ಬಿಸಿಲು ಕಣ್ಣಿಗೆ ಹೊಡೀತಿತ್ತು, ಗಾಜಿನಲ್ಲಿ ನೋಡಿದೆ. ಹಿಂದಕ್ಕೆ ಮುಖ ಮಾಡೇ ನನ್ನ ಸರ್ವೀಸೆಲ್ಲ ಕಳೀತಪ್ಪ, ಎಡ ಬಲ ಒಂದಿಷ್ಟು ಆಚೀಚೆ." ಮುಖ ಮಗುವಿನಷ್ಟು ಮುಗ್ಧವಾಗಿತ್ತು. "ಅಳಬೇಡ ಮಗಳೇ, ದಿನಾ ಬಂದು ಈ ನೆರಳಲ್ಲೇ ಕೂತ್ಕೋ. ಬರುವಾಗ ಮಾಂಸ ತಗೊಂಡು ಬಾ."

ಕ್ಯಾಂಪಿನ ಆಫೀಸಿನವರು ಈ ರಜೆಯ ಮಟ್ಟಿಗೆ ಎಂದು ನೂರ ಹನ್ನೆರಡನೇ ಜಾಗ ಕೊಟ್ಟರು. ಒಂದು ಕಡೆ ಪಾಯಿಖಾನೆ, ಇನ್ನೊಂದು ಕಡೆ ನೀರಿನ ನಲ್ಲಿ, ನಡುವೆ ಕ್ಯಾರವಾನಿನ ಅಗಲಕ್ಕೆ ಒಂದು ಗೇಣು ಹೆಚ್ಚು. ಹಿಂದಕ್ಕೆ ತೆಗೆಯುತ್ತಿದ್ದಾಗ ಕನ್ನಡಿಯಲ್ಲಿ ಮಾವ ಕಾಣಿಸಿಕೊಂಡರು. ಲೋಟ ಹಿಡಿದು ಸಹಾಯಕ್ಕೆ ಓಡಿ ಬಂದಿದ್ದರು.

"ಎಡಕ್ಕೆ ತಿರುಗಿಸು ಕಣೋ! ಎಡಕ್ಕೆ! ಎಡಕ್ಕೆ!"

ಫ್ಲಿಪ್ಪಿ ಹಲ್ಲು ಕಚ್ಚಿ ನಕ್ಕ. ಒಂದು ಸಲ ಮೋಸಹೋಗಬಹುದು, ಮೇಷ್ಟ್ರು ಎರಡನೇ ಸಲ ಹೋಗುತ್ತಾನೆಯೇ? ಸ್ಟೀರಿಂಗನ್ನು ಪೂರ್ತಿ ಬಲಕ್ಕೆ ತಿರುಗಿಸಿ ಆಕ್ಸಿಲರೇಟರ್ ಒತ್ತಿದ.

ನಲ್ಲಿ ಬುಡಸಮೇತ ಕಿತ್ತುಬಂದು ನೀರು ತಾಳೆಮರದೆತ್ತರಕ್ಕೆ ಚಿಮ್ಮಿತು. ಇಂಡಿಕೇಟರಿನ ಗಾಜು, ಹಳದಿ ವೈರು, ಕ್ಯಾರವಾನಿನ ಮೂಲೆ ಎಲ್ಲ ಬಿದ್ದ ನಲ್ಲಿಯ ಮೇಲೆ ಕಳಚಿ ಬಿದ್ದವು.

ತೊಯ್ದು ತೊಪ್ಪೆಯಾದ ಮಾವ ಕಿಟಕಿಯ ಬಳಿ ಬಂದು ನೊಂದ ದನಿಯಲ್ಲಿ ಹೇಳಿದರು: "ಈ ಸಲ ನಾನು ಗಾಡಿ ಕಡೆಗೇ ಮುಖ ಮಾಡಿದ್ದೆ ಕಣೋ."