ಡಾಕ್ಟರ ಹತ್ತಿರ ಚೌಕಾಸಿ

ಯಾರು ಏನು ಹೇಳಿದರೂ ಅದನ್ನು ಅರ್ಧಕ್ಕೆ ಇಳಿಸದೆ ನನಗೆ ಸಮಾಧಾನವಿಲ್ಲ. ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ರೇಷ್ಮೆಗೂಡು ಕೊಳ್ಳುತ್ತಲೇ ಬದುಕು ಕಟ್ಟಿಕೊಂಡವನು ನಾನು. ಗೂಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಸಾಕು, ಒಳಗಿನ ಹುಳು ಹೇಗಿದೆ ಎಂದು ಹೇಳಬಲ್ಲೆ. ಹೊಸಬರು ಈ ವಿದ್ಯೆಯನ್ನು ನನ್ನಿಂದ ಧಾರಾಳವಾಗಿ ಕಲಿಯಬಹುದು. ಮಿಕ್ಕ ವಿಷಯಗಳಲ್ಲಿ ನನ್ನ ಸಲಹೆ ನಂಬಬೇಡಿ.

ನನ್ನ ಹೆಂಡತಿ ರತ್ನಮ್ಮನಿಗೆ ಮೊದಲು ನಿದ್ದೆ ತಪ್ಪಿತು, ಆಮೇಲೆ ಮಾತು ಹೋಯಿತು. ಸಾರಿಗೆ ಉಪ್ಪು ಹಾಕುವುದನ್ನೂ ಮರೆತು ಕಿಟಕಿಯ ಮುಂದೆ ಸುಮ್ಮನೆ ಕೂರುತ್ತಿದ್ದಳು. ಏನೂ ಇಲ್ಲ, ಬರೀ ಯೋಚನೆ ಎಂದು ನಾನೇ ತೀರ್ಪು ಕೊಟ್ಟೆ. ರೆಸ್ಟ್ ಸಿಗಲೆಂದು ಅವಳ ಹೊಲಿಗೆ ಮೆಷಿನ್ನನ್ನು ಅಟ್ಟಕ್ಕೆ ಏರಿಸಿದೆ. ತಲೆ ಕೆಡಿಸುತ್ತವೆಂದು ಅವಳ ಲೈಬ್ರರಿ ಕಾದಂಬರಿಗಳನ್ನು ವಾಪಸ್ ಕೊಟ್ಟು ಬಂದೆ. ವರ್ಷ ಕಳೆದ ಮೇಲೆ ಚಿಕ್ಕಬಳ್ಳಾಪುರದ ಡಾಕ್ಟರ ಬಳಿ ಕರೆದೊಯ್ದೆ. ಅವರು ಅವಳನ್ನು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟವನು ನಾನು. ಒಂದು ವರ್ಷ ಮಾತ್ರೆ ತೆಗೆದುಕೊಳ್ಳಬೇಕು ಎಂದರು. ನನ್ನ ಕಿವಿಗೆ ಅದು ಮೊದಲು ಕೂಗುವ ರೇಟಿನಂತೆ ಕೇಳಿಸಿತು. ನಾಲ್ಕು ತಿಂಗಳು ಎಂದೆ. ಅವರು ನಕ್ಕು, ಆರು ತಿಂಗಳಾದ ಮೇಲೆ ಬಂದು ತೋರಿಸಿ, ನೋಡೋಣ ಎಂದರು. ವ್ಯಾಪಾರ ಕುದುರಿತು ಅಂದುಕೊಂಡೆ. "ಅರ್ಧಕ್ಕೆ ಇಳಿಸ್ದೆ ನೋಡು" ಎಂದು ಬಸ್ಸಿನಲ್ಲಿ ಹಿಗ್ಗಿದೆ.

ಮಾತ್ರೆಯಿಂದ ಅವಳು ನಿಜಕ್ಕೂ ಚೇತರಿಸಿಕೊಂಡಳು. ಆರು ತಿಂಗಳು ತುಂಬಿದ ದಿನವೇ, ತೋರಿಸಲೂ ಹೋಗದೆ, ಮಾತ್ರೆ ನಿಲ್ಲಿಸಿಬಿಟ್ಟೆ. ತಿಂಗಳೊಳಗೆ ಅವಳು ಹಾಸಿಗೆ ಬಿಟ್ಟು ಏಳಲಾರದಾದಳು. ಸ್ವಲ್ಪ ಧೈರ್ಯ ತಂದುಕೋ ಎಂದು ನಾನು ಮತ್ತೆ ಸಲಹೆ ಶುರುಮಾಡಿದಾಗ, ಗೋಡೆಯ ಕಡೆಯಿಂದ ನಿಧಾನವಾಗಿ ತಿರುಗಿದಳು.

"ಗೂಡನ್ನಾದ್ರೂ ಕಿವಿ ಹತ್ರ ಇಟ್ಕೊಂಡು ಕೇಳ್ತೀರ. ನನ್ನ ಯಾವತ್ತಾದ್ರೂ ಕೇಳಿದ್ರೇನ್ರೀ? ನೀವು ವಾಪಸ್ ಕೊಟ್ರಲ್ಲ ಕಾದಂಬರಿ, ಅದ್ರಲ್ಲಿರೋ ಗಂಡಾನೂ ಹಿಂಗೇ. ಏನಿಲ್ಲ ಏನಿಲ್ಲ ಅಂತಾನೇ ಹೆಂಡ್ತೀನ ಮುಗಿಸ್ದ."

ಮಾರನೆಯ ದಿನ ಮತ್ತೆ ಕರೆದೊಯ್ದಾಗ ಡಾಕ್ಟರು ಎರಡು ವರ್ಷ ಮಾತ್ರೆ ಎಂದರು. ಜನ್ಮದಲ್ಲಿ ಮೊದಲ ಸಲ, ಹೇಳಿದ ಮಾತಿಗೆ ಹಾಗೇ ಒಪ್ಪಿದೆ. ಹೇಗಿದ್ದೀರಮ್ಮ ಎಂದು ಅವಳನ್ನು ಕೇಳಿದರು. ಅಭ್ಯಾಸಬಲ, ನಾನು ಬಾಯಿ ತೆರೆದೆ. ನನ್ನನ್ನು ಹೊರಗೆ ಕಳಿಸಿದರು.

ಒಳಗೆ ಅವಳು ಮಾತಾಡುತ್ತಲೇ ಇದ್ದಳು. ಅಷ್ಟು ಹೊತ್ತು ಮಾತಾಡುವಷ್ಟು ಅವಳಲ್ಲಿ ಇತ್ತೆಂಬುದೇ ನನಗೆ ಗೊತ್ತಿರಲಿಲ್ಲ. ಬಾಗಿಲಿಗೆ ಕಿವಿ ಹಚ್ಚಿದೆ. ದನಿ ಕೇಳಿಸಿತು, ಮಾತು ತಿಳಿಯಲಿಲ್ಲ. ಆ ಕಡೆಯಿಂದ ಬಂದ ನರ್ಸಮ್ಮ ನನ್ನನ್ನೊಮ್ಮೆ ಮೇಲಿಂದ ಕೆಳಗೆ ನೋಡಿ, "ಕೂತ್ಕೊಳ್ಳಿ ಅಣ್ಣ, ನಿಮ್ಮ ಸರದಿ ಬಂದಾಗ ಕರೀತೀವಿ" ಅಂದಳು.

ಪೇಷಂಟ್ ನಾನಲ್ಲ ಎಂದು ವಾದಿಸಬಹುದಿತ್ತು. ಸುಮ್ಮನೆ ಕೂತೆ.