ಪರದೆ ದೊಡ್ಡದು, ಅಕ್ಷರ ಸಣ್ಣವು

ಕಂಪ್ಯೂಟರ್ ರಿಪೇರಿ ಮಾಡುವವನಿಗೆ ನಗುವ ಪ್ರಸಂಗ ಹುಡುಕಿಕೊಂಡು ಹೋಗುವ ಕಷ್ಟವಿಲ್ಲ; ಗಿರಾಕಿಗಳೇ ಫೋನ್ ಮಾಡಿ ಕರೆಯುತ್ತಾರೆ. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಬಸವಕಲ್ಯಾಣದಲ್ಲಿ ನನ್ನದೊಂದು ಸಣ್ಣ ಅಂಗಡಿ ಇತ್ತು. ರಿಪೇರಿ ಜೊತೆಗೆ ಲಗ್ನಪತ್ರಿಕೆಯನ್ನೂ ಅಚ್ಚಿಗೆ ಸಿದ್ಧಮಾಡಿ ಕೊಡುತ್ತಿದ್ದೆ. ಹೊಸ ಪರದೆ ಬಂತೆಂದರೆ ನನಗೆ ಹಬ್ಬ. ಅಕ್ಷರ ಹಿಗ್ಗಿಸುವುದು, ಕುಗ್ಗಿಸುವುದು ಅಂದರೆ ಊಟ ನಿದ್ದೆ ಬೇಡ. ಆ ಹುಚ್ಚಿನಿಂದ ನಾನು ಕೇಳಬೇಕಾಗಿ ಬಂದ ಮಾತುಗಳಿವು.

ಹೊಸ ಪರದೆಯ ಪೂಜೆ

ಹುಮನಾಬಾದಿನ ಧಾನ್ಯದ ಮಾರುಕಟ್ಟೆಯ ಸಾವಕಾರರೊಬ್ಬರಿಗೆ ಪರದೆ ಮೇಲಿನ ಅಕ್ಷರ ಕಾಣುತ್ತಿರಲಿಲ್ಲ. ದೊಡ್ಡ ಪರದೆ ತರಿಸಿರಿ ಎಂದು ನಾನೇ ಹೇಳಿದೆ. ಬಂತು. ಕುಂಕುಮ ಹಚ್ಚಿ, ಕಾಯಿ ಒಡೆದರು. ನಾನು ಖುಷಿಯ ಭರದಲ್ಲಿ ಅದಕ್ಕೆ ಚಿತ್ರ ಮೂಡಿಸುವ ಚುಕ್ಕಿಗಳನ್ನು ಎಷ್ಟು ತೋರಿಸಲು ಸಾಧ್ಯವೋ ಅಷ್ಟನ್ನೂ ತೋರಿಸುವಂತೆ ಸೆಟ್ಟಿಂಗ್ ಮಾಡಿಟ್ಟೆ. ಚುಕ್ಕಿ ಹೆಚ್ಚಾದವು, ಅಕ್ಷರ ಸಾಸಿವೆ ಕಾಳಾದವು. ಸಾವಕಾರರು ಮೂಗು ಗಾಜಿಗೆ ತಾಗುವಷ್ಟು ಬಗ್ಗಿ ನೋಡಿದರು. ಈಗ ಪರದೆಯಲ್ಲಿ ಹೆಚ್ಚು ಸಾಮಾನು ಹಿಡಿಸುತ್ತದೆ, ಅದಕ್ಕೇ ಸಣ್ಣಗೆ ಕಾಣುತ್ತದೆ ಎಂದು ಬಿಡಿಸಿ ಹೇಳಿದೆ. ಪೂರಾ ಕೇಳಿಸಿಕೊಂಡು ಅವರು ಅಂದರು:

“ದೊಡ್ಡ ಚೀಲ ತಂದ್ರ ಒಳಗಿನ ಜ್ವಾಳ ಸಣ್ಣ ಆಗ್ತಾವೇನ್ರಿ?”

ಗುಂಡಿ ಎಲ್ಲಿ

ಆವತ್ತಿನಿಂದ ಕಂಡಕಂಡವರ ಅಕ್ಷರವನ್ನೆಲ್ಲ ದೊಡ್ಡದು ಮಾಡತೊಡಗಿದೆ. ಔಷಧ ಕಾರ್ಖಾನೆಯೊಂದರ ಗುಮಾಸ್ತರಿಗೆ ಎಷ್ಟು ದೊಡ್ಡದು ಮಾಡಿಕೊಟ್ಟೆನೆಂದರೆ, ಪ್ರೋಗ್ರಾಮಿನ ಕಿಟಕಿಯ ಅರ್ಧಭಾಗ ಪರದೆಯ ಆಚೆ ಹೋಗಿ, ಕೊನೆಗೆ ಒತ್ತಬೇಕಾದ ‘ಓಕೆ’ ಗುಂಡಿಯೇ ಮಾಯವಾಯಿತು. ಫೋನ್ ಬಂತು. ಗುಂಡಿ ಎಲ್ಲೂ ಹೋಗಿಲ್ಲ, ಕೆಳಗಿದೆ, ಅಲ್ಲೇ ನೋಡಿ ಎಂದೆ. ಆ ಕಡೆ ಕುರ್ಚಿ ಎಳೆದ ಸದ್ದು, ಏದುಸಿರು. ಆಮೇಲೆ ಬಹಳ ವಿನಯದ ದನಿ:

“ಟೇಬಲ್ ಕೆಳಗ ಪೂರಾ ನೋಡ್ದೆರಿ. ಬರೇ ಮ್ಯಾನೇಜರ್ ಸಾಹೇಬ್ರ ಚಪ್ಪಲಿ ಅವ.”

ಚಷ್ಮಾಕ್ಕೆ ಕೆಲಸ

ಮೋರಖಂಡಿಯ ನಿವೃತ್ತ ಮಾಸ್ತರರು ಕಂಪ್ಯೂಟರಿನಲ್ಲಿ ಟೈಪ್ ಕಲಿಯುತ್ತಿದ್ದರು. ಮನೆಯವರು ಯಾರೋ ಏನೋ ಒತ್ತಿ ಅಕ್ಷರ ಸಣ್ಣವಾದವು. ಮಾಸ್ತರರು ನನ್ನನ್ನು ಕರೆಯುವ ಬದಲು ಸೀದಾ ಗುಲಬರ್ಗಾಕ್ಕೆ ಹೋಗಿ ಕಣ್ಣು ತೋರಿಸಿ, ದಪ್ಪ ಚಷ್ಮಾ ಹಾಕಿಸಿಕೊಂಡು ಬಂದರು. ಸಂಗತಿ ತಿಳಿದು ನಾನು ಓಡಿಹೋಗಿ ಅಕ್ಷರ ದೊಡ್ಡದು ಮಾಡಿದೆ. ದೋಷ ಕಣ್ಣಿನದಲ್ಲ ಎಂದು ಸಂಭ್ರಮದಿಂದ ಹೇಳಿದೆ. ಅವರು ಚಷ್ಮಾ ತೆಗೆದು ನೋಡಿದರು, ಹಾಕಿ ನೋಡಿದರು, ಮುಖ ಗಂಟಿಕ್ಕಿದರು.

“ಮತ್ತ ಸಣ್ಣ ಮಾಡ್ರಿ. ಇಷ್ಟ ಚಲೋ ಚಷ್ಮಾ ಏನ್ ಗ್ವಾಡಿಗೆ ತೂಗುಹಾಕ್ಲೇನು?”

ಬೀಗರ ಮುಂದೆ

ಈಗ ಹೇಳುವುದು ನಗುವಂಥದ್ದೇ, ಆದರೆ ಆವತ್ತು ನನ್ನ ಜೀವ ಬಾಯಿಗೆ ಬಂದಿತ್ತು.

ಹೆಣ್ಣಿನವರು ಬಸವಕಲ್ಯಾಣ, ಗಂಡಿನವರು ಹುಮನಾಬಾದ್. ಲಗ್ನಪತ್ರಿಕೆ ನನ್ನ ಅಂಗಡಿಯಲ್ಲಿ ತಯಾರಾಯಿತು. ಹೆಣ್ಣಿನ ತಂದೆ ನನ್ನ ಹಳೇ ಪರದೆಯಲ್ಲಿ ನೋಡಿ ಹಿಗ್ಗಿಹೋದರು. ಹೆಸರುಗಳು ಹೆಬ್ಬೆಟ್ಟಿನಷ್ಟು ದಪ್ಪ. ಬೀಗರಿಗೂ ಫೋನಿನಲ್ಲಿ ಹಾಗೇ ಬಣ್ಣಿಸಿದರು. ಅಚ್ಚಿಗೆ ಹಾಕುವ ಮೊದಲು ಅವರೂ ಒಮ್ಮೆ ನೋಡಲಿ ಎಂದು, ಪತ್ರಿಕೆಯನ್ನು ಫ್ಲಾಪಿಗೆ ಹಾಕಿಕೊಂಡು ಇಬ್ಬರೂ ಬಸ್ ಹತ್ತಿದೆವು.

ಗಂಡಿನ ತಂದೆಯದು ಗೊಬ್ಬರದ ಅಂಗಡಿ, ಹಿಂದೆಯೇ ಮನೆ. ಅಂಗಡಿಯಲ್ಲಿ ಹೊಚ್ಚಹೊಸ ಕಂಪ್ಯೂಟರ್. ಅದರಲ್ಲಿ ಪತ್ರಿಕೆ ತೆರೆದರೆ ಅಂಗೈಯೊಳಗೆ ಮುಚ್ಚಿಡಬಹುದು, ಅಷ್ಟೇ ಅಷ್ಟು. ಗಂಡಿನ ತಂದೆ ತಮ್ಮ ಅಪ್ಪನ ಹೆಸರು ಹುಡುಕಿ ಹುಡುಕಿ ಸೋತರು.

“ನಮ್ಮಪ್ಪನ ಹೆಸರು ಇರಿವಿ ಆಗ್ಯಾದಲ್ರಿ. ನಿಮ್ಮ ಕಣ್ಣಾಗ ನಮ್ಮ ಇಜ್ಜತ್ ಇಷ್ಟೇ ಏನು?”

ತಮ್ಮೂರಲ್ಲಿ ದೊಡ್ಡದೇ ಇತ್ತು ಎಂದು ಹೆಣ್ಣಿನ ತಂದೆ ಅಂದರು. ಅದರಿಂದ ಬೆಂಕಿಗೆ ತುಪ್ಪ ಬಿತ್ತು. ಹಂಗಾದರೆ ನಮ್ಮೂರಿಗೆ ಬರುವಾಗ ಸಣ್ಣದಾಯಿತೇನು, ಈ ಸಂಬಂಧ ಇನ್ನೊಮ್ಮೆ ಕೂತು ವಿಚಾರ ಮಾಡೋಣ ಎಂದು ಗಂಡಿನ ತಂದೆ ಮುಖ ತಿರುಗಿಸಿದರು. ಹೆಣ್ಣಿನ ತಂದೆಯ ಮುಖದಲ್ಲಿ ರಕ್ತವೇ ಇಲ್ಲ. ಬರೀ ಒಂದು ಸೆಟ್ಟಿಂಗಿಗಾಗಿ ಒಂದು ಹುಡುಗಿಯ ಮದುವೆ ಮುರಿಯುತ್ತದಲ್ಲ ಎಂದು ಮೌಸ್ ಎಳೆದುಕೊಂಡೆ. ದೋಷ ಪತ್ರಿಕೆಯದಲ್ಲ, ಪರದೆಯದು ಎಂದು ಹೇಳಿ ಸೆಟ್ಟಿಂಗ್ ಬದಲಿಸಿದೆ. ಪರದೆ ಒಂದು ಕ್ಷಣ ಕಪ್ಪಾಯಿತು. ಮತ್ತೆ ಬೆಳಕಾದಾಗ ಗಂಡಿನ ಅಜ್ಜನ ಹೆಸರು ಹೆಬ್ಬೆಟ್ಟಿನಷ್ಟಾಗಿತ್ತು. ಗಂಡಿನ ತಂದೆಯ ಹುಬ್ಬು ಸಡಿಲವಾಯಿತು.

ಹೀಗೇ ಇರಲೋ ಬೇಡವೋ ಎಂದು ಕಂಪ್ಯೂಟರ್ ಕೇಳಿತು. ಕೆಲವು ಸೆಕೆಂಡಿನಲ್ಲಿ ಯಾರೂ ಹೂಂ ಅನ್ನದಿದ್ದರೆ ಅದು ಮೊದಲಿನ ಹಾಗೇ ಆಗಿಬಿಡುತ್ತದೆ. ಶುಭಕಾರ್ಯ, ಹಿರಿಯರೇ ಒತ್ತಲಿ ಎಂದು ನಾನು ಮೌಸ್ ಮುಂದೆ ಸರಿಸಿದೆ.

“ಬೀಗರೇ, ನೀವ ಒತ್ರಿ.”

“ಎಲ್ಲ್ಯಾರ ಉಂಟೇನ್ರಿ? ಗಂಡಿನವ್ರು ನೀವು, ನೀವ ಒತ್ರಿ.”

ಉಪಚಾರ ಮುಗಿಯುವುದರೊಳಗೆ ಪರದೆ ಕಪ್ಪಾಗಿ ಅಜ್ಜನ ಹೆಸರು ಮತ್ತೆ ಇರುವೆಯಾಯಿತು. ಇನ್ನೊಮ್ಮೆ ಮಾಡಿದೆ. ಈ ಸಲ ಒಬ್ಬರ ಕೈಯನ್ನು ಇನ್ನೊಬ್ಬರು ಹಿಡಿದು ಎಳೆದಾಡಿದರು, ಮತ್ತೆ ಇರುವೆ. ತಾನು ಇಷ್ಟು ಹೇಳಿದರೂ ಒತ್ತುವುದಿಲ್ಲವೆಂದರೆ ಬೀಗರಿಗೆ ಮನಸ್ಸೇ ಇದ್ದಂತಿಲ್ಲ ಎಂದು ಗಂಡಿನ ತಂದೆಯ ದನಿ ಮತ್ತೆ ಏರಿತು.

ಮೂರನೆಯ ಸಲ ಪರದೆ ಬೆಳಗಿತೋ ಇಲ್ಲವೋ, ಅಲ್ಲಿಯತನಕ ಗೊಬ್ಬರದ ಚೀಲಕ್ಕೆ ಒರಗಿ ತಲೆ ತಗ್ಗಿಸಿ ನಿಂತಿದ್ದ ಮದುಮಗ ಹಾರಿಬಂದು, ಇಬ್ಬರು ಹಿರಿಯರ ನಡುವೆ ತೂರಿ, ಮೌಸ್ ಕಿತ್ತುಕೊಂಡು ‘ಹೌದು’ ಒತ್ತಿಯೇಬಿಟ್ಟ. ಹೆಸರುಗಳು ದಪ್ಪಗೆ ನಿಂತವು. ಅಜ್ಜನದೂ, ಅಪ್ಪನದೂ, ನಡುವೆ ಮದುಮಗಳದೂ.

ಒಳಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ನಿಂತಿದ್ದ ಹುಡುಗನ ತಾಯಿ ಪರದೆಯನ್ನೊಮ್ಮೆ, ಮಗನನ್ನೊಮ್ಮೆ ನೋಡಿ ಅಂದರು:

“ಇನ್ನಾ ತಲಿ ಮ್ಯಾಲ ಅಕ್ಕಿಕಾಳು ಬಿದ್ದಿಲ್ಲ, ಆಗಲೇ ಹೆಂಡ್ತಿ ಹೆಸರು ದೊಡ್ಡದ್ ಮಾಡಾಕತ್ತಾನ ನೋಡ್ರಿ.”